ಕೊಂಡಿಯ ಪಕ್ಕದಲ್ಲಿ ಒಂದು ವಾಕ್ಯ

ಟಿಪ್ಪಣಿ ಬರೆದಿಡುವ ಅಭ್ಯಾಸವಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಒಂದಕ್ಕೊಂದು ಕೊಂಡಿ (ಲಿಂಕ್) ಹಾಕಿದ ಟಿಪ್ಪಣಿಗಳನ್ನು ಹೇಗೆ ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತೀರಿ? ಫೋಲ್ಡರ್ ಮಾಡುತ್ತೀರೋ, ಟ್ಯಾಗ್ (ಗುರುತಿನ ಪದ) ಹಚ್ಚುತ್ತೀರೋ, ಕೊಂಡಿಗಳಷ್ಟೇ ಸಾಕೋ?" ಕೇಳುವವರಲ್ಲಿ ಸಂಶೋಧಕರಿದ್ದಾರೆ, ಪರೀಕ್ಷೆಗೆ ಓದುವವರಿದ್ದಾರೆ, ಓದಿದ್ದೆಲ್ಲ ಮರೆತುಹೋಗುತ್ತದೆ ಎಂಬ ಬೇಸರದಿಂದ ಬರೆಯಲು ಶುರು ಮಾಡಿದವರೂ ಇದ್ದಾರೆ. ಎಲ್ಲರಿಗೂ ನಾನು ಹೇಳುವುದು ಇಷ್ಟೇ. ಫೋಲ್ಡರ್ ನಾಲ್ಕೈದು ಇರಲಿ, ಟ್ಯಾಗ್ ಬೆರಳೆಣಿಕೆಯಷ್ಟಿರಲಿ. ಆದರೆ ಯಾವ ಕೊಂಡಿ ಹಾಕಿದರೂ ಅದರ ಪಕ್ಕದಲ್ಲಿ, ಏಕೆ ಹಾಕಿದಿರಿ ಎಂದು ಒಂದು ವಾಕ್ಯ ಬರೆಯಿರಿ. ಟಿಪ್ಪಣಿಗಳ ವ್ಯವಸ್ಥೆ ರೂಪುಗೊಳ್ಳುವುದು ಆ ವಾಕ್ಯಗಳಿಂದಲೇ.

ಇದು ತೀರಾ ಚಿಕ್ಕ ಉತ್ತರ ಎನಿಸಬಹುದು. ಮೂರು ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ನೋಡೋಣ.

ಮೊದಲನೆಯದು ಬ್ರಿಟಿಷ್ ನೌಕಾಪಡೆಯ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಕುರಿತದ್ದು. 1747ರಲ್ಲಿ ಅವರು ಸ್ಕರ್ವಿ ರೋಗದಿಂದ (ವಿಟಮಿನ್ ಸಿ ಕೊರತೆಯಿಂದ ಬರುವ ರೋಗ) ಬಳಲುತ್ತಿದ್ದ 12 ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಎರಡನೆಯದು ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕುರಿತದ್ದು. 1847ರಲ್ಲಿ ಅವರು, ಶವಪರೀಕ್ಷೆ ಮುಗಿಸಿ ಹೆರಿಗೆ ವಾರ್ಡಿಗೆ ಬರುವವರೆಲ್ಲ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಲೇಬೇಕು ಎಂದು ನಿಯಮ ಮಾಡಿದರು. ಆ ವಾರ್ಡಿನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಮೂರನೆಯದು ಲಂಡನ್ನಿನ ವೈದ್ಯ ಜಾನ್ ಸ್ನೋ ಕುರಿತದ್ದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾದಿಂದ ಯಾರ್‍ಯಾರು ಎಲ್ಲೆಲ್ಲಿ ಸತ್ತರು ಎಂದು ವಿಚಾರಿಸುತ್ತಾ ಹೋದ ಅವರು, ಒಂದು ನೀರಿನ ಪಂಪಿನ ಕಡೆ ಬೊಟ್ಟು ಮಾಡಿ ಅದರ ಹಿಡಿಕೆ ತೆಗೆಸಿದರು.

ಫೋಲ್ಡರುಗಳಲ್ಲಿ ಇಟ್ಟರೆ ಈ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಲಿಂಡ್ 'ಪೌಷ್ಟಿಕತೆ'ಗೆ, ಸೆಮ್ಮೆಲ್‌ವೈಸ್ 'ಹೆರಿಗೆ'ಗೆ, ಸ್ನೋ 'ನಗರ ಮತ್ತು ನೀರು' ಎಂಬಲ್ಲಿಗೆ. ಒಂದು ಕಡತ ಒಂದೇ ಜಾಗದಲ್ಲಿ ಇರಬೇಕು ಎಂಬುದು ಫೋಲ್ಡರಿನ ನಿಯಮ. ಆಲೋಚನೆಗೆ ಅಂಥ ನಿಯಮವಿಲ್ಲ. 'ವೈದ್ಯಕೀಯ ಇತಿಹಾಸ' ಎಂಬ ಟ್ಯಾಗ್ ಹಚ್ಚಿದರೆ ಮೂರೂ ಒಂದೇ ಪಟ್ಟಿಯಲ್ಲಿ ಬರುತ್ತವೆ, ನಿಜ. ಆದರೆ ಅವುಗಳ ಜೊತೆ ಇನ್ನೂ ಇನ್ನೂರು ಟಿಪ್ಪಣಿಗಳು ಬರುತ್ತವೆ. ಇನ್ನು ಬರೀ ಕೊಂಡಿ ಹಾಕಿ ಬಿಟ್ಟರೆ ಏನಾಗುತ್ತದೆ? ಲಿಂಡ್ ಟಿಪ್ಪಣಿಯ ಕೆಳಗೆ 'ಇದನ್ನೂ ನೋಡಿ: ಸೆಮ್ಮೆಲ್‌ವೈಸ್' ಎಂದು ಇರುತ್ತದೆ. ಹಾಕಿದ ದಿನ ಎಲ್ಲವೂ ಸ್ಪಷ್ಟವಾಗಿರುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ, ಇಬ್ಬರೂ ವೈದ್ಯರು ಎಂಬುದರ ಹೊರತು ಬೇರೇನೂ ಹೊಳೆಯುವುದಿಲ್ಲ. ಅಂದು ಮನಸ್ಸಿನಲ್ಲಿ ಮೂಡಿದ್ದ ಸಂಬಂಧ ಕೊಂಡಿಯೊಳಗೆ ಸೇರಿಕೊಂಡಿಲ್ಲ.

ಈಗ ಅದೇ ಕೊಂಡಿಯ ಪಕ್ಕ ಹೀಗೆ ಬರೆಯಿರಿ: 'ಲಿಂಡ್‌ಗೆ ವಿಟಮಿನ್ ಗೊತ್ತಿರಲಿಲ್ಲ, ಸೆಮ್ಮೆಲ್‌ವೈಸ್‌ಗೆ ರೋಗಾಣು ಗೊತ್ತಿರಲಿಲ್ಲ. ಪರಿಹಾರ ಸಿಕ್ಕಿತು, ಸರಿಯಾದ ವಿವರಣೆ ಸಿಗಲಿಲ್ಲ. ಒಪ್ಪಿಗೆ ಸಿಗುವುದು ತಡವಾದದ್ದು ಇದರಿಂದಲೇ?' ಬ್ರಿಟಿಷ್ ನೌಕಾಪಡೆ ನಿಂಬೆ ರಸವನ್ನು ಅಧಿಕೃತವಾಗಿ ಕೊಡಲು ಶುರು ಮಾಡಿದ್ದು 1795ರಲ್ಲಿ. ಲಿಂಡ್ ಪ್ರಯೋಗದಿಂದ ಲೆಕ್ಕ ಹಾಕಿದರೆ 48 ವರ್ಷ. ಕೊಂಡಿಗೆ ಕಾರಣ ಬರೆಯಲು ಕುಳಿತದ್ದಕ್ಕೆ ಒಂದು ಪ್ರಶ್ನೆ ಹುಟ್ಟಿತು. ಆ ಪ್ರಶ್ನೆ ತಾನೇ ಒಂದು ಹೊಸ ಟಿಪ್ಪಣಿ.

ಸ್ನೋ ಕಡೆಗೆ ಹಾಕುವ ಕೊಂಡಿಗೆ ಬೇರೆಯದೇ ವಾಕ್ಯ ಬೇಕು: 'ಇದನ್ನು ಲಿಂಡ್ ಪ್ರಯೋಗದ ಸಾಲಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಹಿಡಿಕೆ ತೆಗೆಯುವ ಹೊತ್ತಿಗೆ ಪಿಡುಗು ಆಗಲೇ ಇಳಿಮುಖವಾಗಿತ್ತು ಎಂದು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ.' ಇದು ತಕರಾರು ತೆಗೆಯುವ ಕೊಂಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕೊಂಡಿಗಳು ಇಂಥವೇ. ಒಂದೇ ತರಹದ ಸಂಗತಿಗಳನ್ನು ಪೋಣಿಸುವುದು ಸುಲಭ. 'ಆದರೆ' ಎಂದು ಶುರುವಾಗುವ ಕೊಂಡಿಗೆ ಯೋಚನೆ ಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಲಿಂಡ್ ಆಮೇಲೆ ಹಣ್ಣಿನ ರಸವನ್ನು ಕಾಯಿಸಿ ಗಟ್ಟಿ ಮಾಡಿ ಬಹುಕಾಲ ಇಡುವ ವಿಧಾನವನ್ನು ಸೂಚಿಸಿದರು. ಕಾಯಿಸಿದಾಗ ವಿಟಮಿನ್ ಸಿ ಬಹುಪಾಲು ನಾಶವಾಗುತ್ತದೆ. ಅಂದರೆ ತಾವೇ ಪರೀಕ್ಷಿಸಿ ಕಂಡುಕೊಂಡ ಮದ್ದಿನ ಸತ್ವ ಅವರಿಗೆ ತಿಳಿಯದಂತೆಯೇ ಕಳೆದುಹೋಗುತ್ತಿತ್ತು. ಈ ವಿವರ ಟಿಪ್ಪಣಿಯಾಗಿ ಬಂದ ಕೂಡಲೇ ಹಿಂದೆ ಬರೆದ ಪ್ರಶ್ನೆಯ ಮುಖವೇ ಬದಲಾಗುತ್ತದೆ. ತಡವಾದದ್ದು ಜನ ಒಪ್ಪಲಿಲ್ಲವೆಂದು ಮಾತ್ರವಲ್ಲ. ಏಕೆ ಕೆಲಸ ಮಾಡುತ್ತದೆ ಎಂದು ತಿಳಿಯದಿದ್ದಾಗ ಪರಿಹಾರವನ್ನೇ ಕೆಡಿಸಿಬಿಡುವ ಅಪಾಯವೂ ಇದೆ. ಈ ಮಾತು ಯಾವ ಫೋಲ್ಡರಿನಲ್ಲೂ ಮೊದಲೇ ಇರಲಿಲ್ಲ. ಎರಡು ಟಿಪ್ಪಣಿಗಳ ನಡುವಿನ ವಾಕ್ಯದಲ್ಲಿ ಅದು ಸಿಕ್ಕಿತು.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ 1945ರ ಜುಲೈನಲ್ಲಿ ಪ್ರಕಟವಾದ ಲೇಖನವೊಂದರಲ್ಲಿ 'ಮೆಮೆಕ್ಸ್' ಎಂಬ ಯಂತ್ರವನ್ನು ಕಲ್ಪಿಸಿಕೊಂಡಿದ್ದರು. ಮೇಜಿನಾಕಾರದ ಆ ಯಂತ್ರದಲ್ಲಿ ಓದುಗ ಒಂದು ದಾಖಲೆಯಿಂದ ಇನ್ನೊಂದಕ್ಕೆ ಜಾಡು ಕಟ್ಟುತ್ತಾ ಹೋಗಬಹುದು. ಕೊಂಡಿಗಳ ಮಾತು ಬಂದಾಗಲೆಲ್ಲ ಅದನ್ನು ನೆನೆಯುತ್ತಾರೆ. ಆದರೆ ಅವರು ಕೊಟ್ಟ ಉದಾಹರಣೆಯನ್ನು ಗಮನಿಸುವವರು ಕಡಿಮೆ. ಅಲ್ಲೊಬ್ಬ ಬಿಲ್ಲುಬಾಣಗಳ ಇತಿಹಾಸ ಹುಡುಕುತ್ತಿರುತ್ತಾನೆ. ಜಾಡು ಕಟ್ಟುವ ದಾರಿಯಲ್ಲಿ ಅಲ್ಲಲ್ಲಿ ತನ್ನದೇ ಟೀಕೆ ಸೇರಿಸುತ್ತಾನೆ, ಕೈಬರಹದ ಒಂದು ಪುಟವನ್ನೇ ನಡುವೆ ಇಡುತ್ತಾನೆ. ಜಾಡಿನ ಬೆಲೆ ಆ ಪುಟದಲ್ಲಿದೆ ಎಂದು ನನಗೆ ಅನಿಸುತ್ತದೆ.

ಕೊಂಡಿಗಳ ಮಾತಿನಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಬಾರದಿರುವುದಿಲ್ಲ. ಅವರು 1950ರ ದಶಕದಿಂದ 1990ರ ದಶಕದವರೆಗೆ ಸುಮಾರು 90,000 ಕಾಗದದ ಚೀಟಿಗಳನ್ನು ಬರೆದು ಮರದ ಖಾನೆಗಳಲ್ಲಿಟ್ಟರು. ಎಲ್ಲರೂ ಈ ಸಂಖ್ಯೆಗೆ ಬೆರಗಾಗುತ್ತಾರೆ. ನನಗೆ ಹೆಚ್ಚು ಪಾಠ ಕಲಿಸಿದ್ದು ಬೇರೆ ಅಂಕಿ. ಅವರ ಸಂಗ್ರಹ ಎರಡು ಭಾಗಗಳಲ್ಲಿದೆ. 1960ರ ದಶಕದ ಆರಂಭಕ್ಕೆ ನಿಂತ ಮೊದಲನೆಯದರಲ್ಲಿ ಸುಮಾರು 23,000 ಚೀಟಿಗಳು, 108 ವಿಭಾಗಗಳು. ಆಮೇಲೆ ಶುರು ಮಾಡಿದ ಎರಡನೆಯದರಲ್ಲಿ ಸುಮಾರು 67,000 ಚೀಟಿಗಳು. ಮೇಲ್ಮಟ್ಟದ ವಿಭಾಗಗಳು ಮಾತ್ರ 11. ಚೀಟಿಗಳು ಸುಮಾರು ಮೂರು ಪಟ್ಟಾದಾಗ ವಿಭಾಗಗಳು ಹತ್ತನೇ ಒಂದಕ್ಕೆ ಇಳಿದವು. ಟಿಪ್ಪಣಿ ಹೆಚ್ಚಾದಂತೆ ಫೋಲ್ಡರುಗಳೂ ಹೆಚ್ಚಬೇಕು ಎಂದುಕೊಂಡವರು ಇದನ್ನು ಗಮನಿಸಬೇಕು.

ಹಾಗಾದರೆ ಲೂಮನ್‌ಗೆ ಬೇಕಾದ ಚೀಟಿ ಸಿಗುತ್ತಿದ್ದುದು ಹೇಗೆ? ಪ್ರತಿ ಚೀಟಿಗೂ ಬದಲಾಗದ ಒಂದು ಸಂಖ್ಯೆ ಇತ್ತು. 1ನೆಯ ಚೀಟಿಯ ವಿಚಾರವನ್ನು ಕವಲೊಡೆಸಬೇಕೆನಿಸಿದರೆ 1ಎ ಎಂದು ಬರೆದು ಅದರ ಹಿಂದೆ ಸೇರಿಸುವುದು, ಅದರಿಂದ ಇನ್ನೊಂದು ಕವಲು ಹೊರಟರೆ 1ಎ1. ಸೇರಿಸಲು ಜಾಗವಿಲ್ಲ ಎಂಬ ಮಾತೇ ಇಲ್ಲ. ಜೊತೆಗೆ ಪದಗಳ ಒಂದು ಸೂಚಿ ಇತ್ತು. ಅದರಲ್ಲಿ ಒಂದು ಪದದ ಎದುರು ಆ ವಿಷಯದ ಎಲ್ಲ ಚೀಟಿಗಳೂ ಇರುತ್ತಿರಲಿಲ್ಲ. ಒಂದೆರಡು, ಹೆಚ್ಚೆಂದರೆ ಮೂರ್ನಾಲ್ಕು ಸಂಖ್ಯೆಗಳು. ಒಳಗೆ ಹೋಗಲು ಬಾಗಿಲು ಅಷ್ಟೇ. ಒಳಹೊಕ್ಕ ಮೇಲೆ ಚೀಟಿಯಿಂದ ಚೀಟಿಗೆ ಹಾಕಿದ ಉಲ್ಲೇಖಗಳೇ ದಾರಿ ತೋರಿಸುತ್ತಿದ್ದವು.

ಕಂಪ್ಯೂಟರಿನಲ್ಲಿ ಆ ಸೂಚಿಯ ಕೆಲಸವನ್ನು ನಾನು ನಕ್ಷೆ ಟಿಪ್ಪಣಿಗಳಿಂದ ಮಾಡಿಸುತ್ತೇನೆ. ಒಂದು ವಿಚಾರದ ಸುತ್ತ ಏಳೆಂಟು ಟಿಪ್ಪಣಿಗಳು ಸೇರಿಕೊಂಡಿವೆ ಎಂದು ಕಂಡಾಗ ಮಾತ್ರ ಒಂದು ನಕ್ಷೆ ಬರೆಯುತ್ತೇನೆ, ಅದಕ್ಕೆ ಮೊದಲು ಬರೆಯುವುದಿಲ್ಲ. ಮೇಲಿನ ಉದಾಹರಣೆಯಾದರೆ ಅದರ ಹೆಸರು 'ಕಾರಣ ತಿಳಿಯುವ ಮೊದಲೇ ಸಿಕ್ಕ ಪರಿಹಾರಗಳು'. ಅದರಲ್ಲಿ ಕೊಂಡಿಗಳ ಒಣ ಪಟ್ಟಿ ಇರುವುದಿಲ್ಲ. ಲಿಂಡ್‌ನಿಂದ ಶುರುವಾಗಿ, ಸೆಮ್ಮೆಲ್‌ವೈಸ್ ಮೂಲಕ ಹಾದು, ಸ್ನೋ ಏಕೆ ಇಲ್ಲಿ ಸಲೀಸಾಗಿ ಕೂರುವುದಿಲ್ಲ ಎಂದು ಹೇಳುವ ಎರಡು ಪ್ಯಾರಾಗಳಿರುತ್ತವೆ, ಕೊಂಡಿಗಳು ಆ ವಾಕ್ಯಗಳ ಒಳಗೇ ಇರುತ್ತವೆ. ಲೇಖನ ಬರೆಯಬೇಕಾದ ದಿನ ನಾನು ತೆರೆಯುವುದು ಇಂಥ ನಕ್ಷೆಯನ್ನೇ. ಕರಡಿನ ಅರ್ಧ ಅಲ್ಲಿ ಸಿದ್ಧವಾಗಿರುತ್ತದೆ.

ಶೀರ್ಷಿಕೆಯ ಬಗ್ಗೆಯೂ ಹೇಳಬೇಕು. 'ಸ್ಕರ್ವಿ' ಎಂಬ ಹೆಸರಿನ ಟಿಪ್ಪಣಿ ಬೇಗನೆ ಗೋದಾಮಾಗುತ್ತದೆ. ಆ ರೋಗಕ್ಕೆ ಸಂಬಂಧಿಸಿದ್ದೆಲ್ಲ ಅಲ್ಲಿಗೇ ಬಂದು ಬೀಳುತ್ತದೆ. 'ಕಾಯಿಸಿದ ರಸ ಸ್ಕರ್ವಿ ತಡೆಯಲಾರದು' ಎಂಬ ಹೆಸರಿಟ್ಟರೆ ಅದಕ್ಕೆ ಒಂದು ಮೇರೆ ಇರುತ್ತದೆ, ಕೊಂಡಿ ಹಾಕುವಾಗ ತೆರೆಯದೆಯೇ ಒಳಗೇನಿದೆ ಎಂದು ತಿಳಿಯುತ್ತದೆ. ಹೀಗೆ ವಾಕ್ಯರೂಪದ ಹೆಸರು ಹೊಳೆಯದೇ ಹೋದರೆ, ಆ ಟಿಪ್ಪಣಿಯಲ್ಲಿ ಎರಡು ವಿಚಾರ ಸೇರಿಕೊಂಡಿದೆ ಎಂದೇ ಬಹುಪಾಲು ಅರ್ಥ. ಒಡೆದು ಎರಡು ಮಾಡಿ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಇಲ್ಲೊಂದು ತೊಡಕು ಇದೆ. ಬಹಳಷ್ಟು ಆ್ಯಪ್‌ಗಳಲ್ಲಿ ಶೀರ್ಷಿಕೆಯನ್ನು ಜೋಡಿ ಚೌಕ ಆವರಣದೊಳಗೆ ಇದ್ದದ್ದು ಇದ್ದಂತೆ ಬರೆದರೆ ಮಾತ್ರ ಕೊಂಡಿ ಬೀಳುತ್ತದೆ. ನಮ್ಮ ಪದಗಳು ವಿಭಕ್ತಿ ಸೇರಿದಾಗ ರೂಪ ಬದಲಿಸುತ್ತವೆ: ಮರ, ಮರದ, ಮರಕ್ಕೆ. ಆದ್ದರಿಂದ ಆವರಣದೊಳಗೆ ಮೂಲ ಹೆಸರು ಬರೆದು, ಒಂದು ಲಂಬ ಗೆರೆ ಎಳೆದು, ಓದುವಾಗ ಕಾಣಬೇಕಾದ ರೂಪವನ್ನು ಅದರ ಮುಂದೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ: [[ಮರ|ಮರಕ್ಕೆ]]. ಅಬ್ಸಿಡಿಯನ್‌ನಂಥ ಆ್ಯಪ್‌ಗಳಲ್ಲಿ ಇದು ಸಾಧ್ಯ. ಒಂದು ಟಿಪ್ಪಣಿಗೆ ಪರ್ಯಾಯ ಹೆಸರುಗಳನ್ನೂ ಕೊಡಬಹುದು. ಇನ್ನೂ ಸೂಕ್ಷ್ಮವಾದದ್ದು 'ಸೆಮ್ಮೆಲ್‌ವೈಸ್' ಎಂಬಂಥ ಹೆಸರುಗಳಲ್ಲಿದೆ. ಅಲ್ಲಿ 'ವ' ಒತ್ತಕ್ಷರವಾಗದೆ 'ಲ್' ಬಿಡಿಯಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಬೇಕಾಗುತ್ತದೆ. ಒಮ್ಮೆ ಅದನ್ನು ಹಾಕಿ, ಇನ್ನೊಮ್ಮೆ ಬಿಟ್ಟು ಬರೆದರೆ ಹುಡುಕಾಟಕ್ಕೆ ಅವೆರಡೂ ಬೇರೆ ಬೇರೆ ಪದಗಳಾಗಿಬಿಡಬಹುದು. ಹೊರಗಿನ ಹೆಸರುಗಳನ್ನು ಹೇಗೆ ಬರೆಯುತ್ತೀರೆಂದು ಮೊದಲ ಸಲವೇ ನಿರ್ಧರಿಸಿ, ಆಮೇಲೆ ಕೈಯಿಂದ ಟೈಪ್ ಮಾಡದೆ ಆ್ಯಪ್ ತೋರಿಸುವ ಸಲಹೆಪಟ್ಟಿಯಿಂದಲೇ ಆರಿಸಿಕೊಳ್ಳಿ.

ಫೋಲ್ಡರ್ ಮತ್ತು ಟ್ಯಾಗ್ ವಿಷಯ ಬೇಗ ಮುಗಿಸಬಹುದು. ಫೋಲ್ಡರುಗಳನ್ನು ನಾನು ವಿಷಯಕ್ಕೆ ತಕ್ಕಂತೆ ಮಾಡುವುದಿಲ್ಲ, ಬಗೆಗೆ ತಕ್ಕಂತೆ ಮಾಡುತ್ತೇನೆ: ಓದಿದ್ದರ ಸಾರ ಒಂದು ಕಡೆ, ನನ್ನ ವಿಚಾರಗಳು ಒಂದು ಕಡೆ, ದಿನಚರಿ ಒಂದು ಕಡೆ, ಚಿತ್ರಗಳು ಒಂದು ಕಡೆ. ಟ್ಯಾಗ್ ಹೇಳಬೇಕಾದದ್ದು ಟಿಪ್ಪಣಿಯ ಸ್ಥಿತಿಯನ್ನು: 'ಕಚ್ಚಾ', 'ಮೂಲ ಪರಿಶೀಲಿಸಬೇಕು'. ಟಿಪ್ಪಣಿಗಳನ್ನೆಲ್ಲ ಚುಕ್ಕಿಗಳಾಗಿಯೂ ಕೊಂಡಿಗಳನ್ನು ಗೆರೆಗಳಾಗಿಯೂ ತೋರಿಸುವ ಗ್ರಾಫ್ ನೋಡಲು ಸುಂದರ. ಅದರಿಂದ ನನಗಿರುವ ಉಪಯೋಗ ಒಂದೇ, ಯಾವುದಕ್ಕೂ ಅಂಟಿಕೊಳ್ಳದೆ ಉಳಿದ ಅನಾಥ ಟಿಪ್ಪಣಿಗಳನ್ನು ಹುಡುಕುವುದು. ಬ್ಯಾಕ್‌ಲಿಂಕ್ ಪಟ್ಟಿ ಅದಕ್ಕಿಂತ ಬಹಳ ಹೆಚ್ಚು ಕೆಲಸಕ್ಕೆ ಬರುತ್ತದೆ. ಈ ಟಿಪ್ಪಣಿಯ ಕಡೆಗೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಎಂದು ಆ್ಯಪ್ ತಾನೇ ತೋರಿಸುತ್ತದೆ, ಕೊಂಡಿಯಿರುವ ಸಾಲನ್ನೂ ತೋರಿಸುತ್ತದೆ. ಆ ಸಾಲಿನಲ್ಲಿ ನೀವು ಕಾರಣ ಬರೆದಿದ್ದರೆ ಪಟ್ಟಿಯೇ ಒಂದು ಚರ್ಚೆಯಂತೆ ಓದಿಸಿಕೊಳ್ಳುತ್ತದೆ. ಬರೆಯದಿದ್ದರೆ ಹೆಸರುಗಳ ಸಾಲು ಮಾತ್ರ.

ಯಾವ ಆ್ಯಪ್ ಎಂದೂ ಕೇಳುತ್ತಾರೆ. ನನ್ನದು ಒಂದೇ ಷರತ್ತು: ಟಿಪ್ಪಣಿಗಳು ನಿಮ್ಮ ಕಂಪ್ಯೂಟರಿನಲ್ಲೇ ಸರಳ ಪಠ್ಯವಾಗಿ ಉಳಿಯಬೇಕು, ಆ್ಯಪ್ ಇಲ್ಲದಿದ್ದರೂ ಓದಲು ಬರಬೇಕು. 2004ರಲ್ಲಿ ಬಂದ, ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಮಾರ್ಕ್‌ಡೌನ್ ಬರವಣಿಗೆಯ ಕ್ರಮವನ್ನು ಅನುಸರಿಸುವ ಕಡತಗಳಾದರೆ ಸಾಕು. ಕೊಂಡಿಯ ಕಾರಣವನ್ನು ವಾಕ್ಯವಾಗಿ ಬರೆದವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಯಾವತ್ತಾದರೂ ಕೊಂಡಿ ಕೆಲಸ ಮಾಡದೇ ಹೋದರೂ ವಾಕ್ಯ ಹಾಗೆಯೇ ಇರುತ್ತದೆ.

ಕೊನೆಗೆ ಉಳಿಯುವ ಪ್ರಶ್ನೆ, ಈಗಾಗಲೇ ಸಾವಿರಾರು ಟಿಪ್ಪಣಿ ಗುಡ್ಡೆ ಹಾಕಿಕೊಂಡವರದು. ಎಲ್ಲವನ್ನೂ ಒಂದು ರಜೆಯಲ್ಲಿ ಸರಿಮಾಡಿಬಿಡುತ್ತೇನೆ ಎಂದು ಹೊರಡಬೇಡಿ. ಇಂದಿನ ಕೆಲಸಕ್ಕೆ ಸಂಬಂಧವಿಲ್ಲದ ಟಿಪ್ಪಣಿಗೆ ಕೊಂಡಿ ಹಾಕಲು ಕುಳಿತರೆ ಬರೆಯಲು ಕಾರಣವೇ ಸಿಗುವುದಿಲ್ಲ, ಮತ್ತೆ 'ಇದನ್ನೂ ನೋಡಿ' ಕೊಂಡಿಗಳೇ ಬೆಳೆಯುತ್ತವೆ. ಅವನ್ನೆಲ್ಲ 'ಹಳೆಯದು' ಎಂಬ ಒಂದು ಫೋಲ್ಡರಿಗೆ ಹಾಕಿ, ಇವತ್ತಿನ ಓದಿನ ಬಗ್ಗೆ ಹೊಸ ಟಿಪ್ಪಣಿ ಬರೆಯಿರಿ. ಬರೆದ ಮೇಲೆ ಅದರ ಒಂದೆರಡು ಮುಖ್ಯ ಪದಗಳನ್ನು ಇಟ್ಟುಕೊಂಡು ಹಳೆಯದರಲ್ಲಿ ಹುಡುಕಿ: ಇದು ಯಾವುದನ್ನು ಗಟ್ಟಿ ಮಾಡುತ್ತದೆ, ಯಾವುದನ್ನು ಅಲುಗಿಸುತ್ತದೆ? ಸಿಕ್ಕ ಒಂದು ಟಿಪ್ಪಣಿಯನ್ನು ತೆರೆದು, ಅದಕ್ಕೆ ವಾಕ್ಯದ ಹೆಸರು ಕೊಟ್ಟು, ಎರಡನ್ನೂ ಜೋಡಿಸುವ ಸಾಲು ಬರೆದು ಹೊರಗೆ ತನ್ನಿ. ಉಳಿದವು ಅಲ್ಲೇ ಇರಲಿ. ಹುಡುಕಾಟ ಅವುಗಳನ್ನೂ ತಲುಪುತ್ತದೆ, ಬೇಕಾದ ದಿನ ಅವುಗಳ ಸರದಿ ಬರುತ್ತದೆ.