ಕೆಂಪು ಇಂಕಲ್ಲಿ ಹೊಡೆದ ಒಂದು ಪದ

ಮ್ಯಾಗಜೀನ್‌ಗೆ ಏನಾದ್ರೂ ಬರ್ಕೊಡಿ ಅಂತ ಮೆಸೇಜ್ ಬಂದು ಮೂರು ವಾರ ಆಯ್ತು. ಇವತ್ತು ನಾಳೆ ಅಂತ ತಳ್ಕೊಂಡು ಬಂದು ಕೊನೆಗೆ ನಿನ್ನೆ ರಾತ್ರಿ ಬೀರು ಮೇಲಿದ್ದ ಹಳೇ ಗಂಟು ಬಿಚ್ಚಿದ್ರೆ ಕೈಗೆ ಸಿಕ್ಕಿದ್ದು ನರ್ಸಿಂಗ್ ಓದುವಾಗ ಮನೆಮನೆಗೆ ಹೋಗಿ ಕಲಿಯೋ ಕಮ್ಯುನಿಟಿ ಪೋಸ್ಟಿಂಗಿನ ನನ್ನ ಫ್ಯಾಮಿಲಿ ಫೋಲ್ಡರ್, ಅಂದ್ರೆ ನೋಡಿದ ಮನೆಗಳ ಆರೋಗ್ಯದ ವಿವರ ಬರೆಯೋ ಕಡತ. ರಟ್ಟು ಹರಿದಿದೆ, ಟ್ಯಾಗ್ ತುಕ್ಕು ಹಿಡಿದಿದೆ. ನಾಲ್ಕನೇ ಪುಟದಲ್ಲಿ ನಾನು ದುಂಡಗೆ ಬರೆದಿದ್ದ ಒಂದು ಪದಕ್ಕೆ ನಮಗೆ ಕಲಿಸ್ತಿದ್ದ ಮೇಡಂ ಕೆಂಪು ಇಂಕಲ್ಲಿ ಅಡ್ಡಗೆರೆ ಹೊಡೆದಿರೋದು ಮಾತ್ರ ಹೊಸದಾಗೇ ಇದೆ. "ಅಲಕ್ಷ್ಯ" ಅಂತ ಆ ಪದ. ಸರಿ, ಬರೆಯೋದಾದ್ರೆ ಇದನ್ನೇ ಬರೀಬೇಕು ಅನ್ನಿಸ್ತು.

ನಮ್ಮ ಬ್ಯಾಚಲ್ಲಿ ಕಮ್ಯುನಿಟಿ ಪೋಸ್ಟಿಂಗ್ ಅಂದ್ರೆ ರಜಾ ಇದ್ದ ಹಾಗೆ ಅಂತ ಒಂದು ನಂಬಿಕೆ ಇತ್ತು. ನೈಟ್ ಡ್ಯೂಟಿ ಇಲ್ಲ, ವಾರ್ಡ್ ಇನ್‌ಚಾರ್ಜ್ ಹತ್ರ ಬೈಸ್ಕೊಳ್ಳೋದಿಲ್ಲ, ಛತ್ರಿ ಹಿಡ್ಕೊಂಡು ಗುಂಪಲ್ಲಿ ಓಡಾಡ್ಕೊಂಡು ನಾಲ್ಕು ಮನೆ ನೋಡ್ಕೊಂಡು ಬಂದ್ರೆ ಆಯ್ತು ಅಂತ. ಐಸಿಯುನಲ್ಲಿ ಕಲಿಯೋದೇ ನಿಜವಾದ ನರ್ಸಿಂಗ್, ಇದೆಲ್ಲ ಸರ್ವೆ ಕೆಲಸ ಅಂತ ನಾನೂ ಅಂದ್ಕೊಂಡಿದ್ದೆ, ಈಗ ಒಪ್ಕೊಳ್ಳೋಕೆ ನಾಚಿಕೆ ಆಗುತ್ತೆ.

ಮೊದಲ ವಾರ ಪೂರ್ತಿ ಬ್ಯಾಗ್ ಟೆಕ್ನಿಕ್, ಅಂದ್ರೆ ಮನೆಗಳಿಗೆ ಒಯ್ಯೋ ಬ್ಯಾಗ್ ಬಳಸೋ ಕ್ರಮ. ಡೆಮೋ ರೂಮಲ್ಲಿ ಒಂದು ಟೇಬಲ್ಲನ್ನೇ ಮನೆ ಅಂದ್ಕೊಂಡು ದಿನಾ ಅದೇ ಪ್ರಾಕ್ಟೀಸ್. ಬ್ಯಾಗ್ ನೆಲದ ಮೇಲೆ ಇಡಂಗಿಲ್ಲ, ನ್ಯೂಸ್‌ಪೇಪರ್ ಹಾಸಿ ಅದ್ರ ಮೇಲೆ ಇಡ್ಬೇಕು, ಮೊದ್ಲು ಸೋಪು ಟವೆಲ್ ಮಾತ್ರ ಈಚೆ ತೆಗೀಬೇಕು, ಕೈ ತೊಳ್ಕೊಂಡು ಬಂದ್ಮೇಲೇ ಥರ್ಮಾಮೀಟರ್ರು ಬಿಪಿ ಅಪರೇಟಸ್ಸು, ಬೇಕಾದಷ್ಟು ತೆಗೆದು ತಕ್ಷಣ ಬ್ಯಾಗ್ ಮುಚ್ಚಬೇಕು, ಕೆಲಸ ಮುಗಿದ್ಮೇಲೆ ಬಳಸಿದ್ದನ್ನೆಲ್ಲ ಕ್ಲೀನ್ ಮಾಡಿ ಮತ್ತೆ ಕೈ ತೊಳೆದು ಆಮೇಲೆ ಒಳಗೆ ಇಡೋದು, ಕೊನೇಲಿ ಪೇಪರನ್ನ ಕೆಳಗೆ ತಾಗಿದ ಮಗ್ಗಲು ಒಳಗೆ ಬರೋ ಹಾಗೆ ಮಡಚೋದು. ಒಬ್ಬಳು ಗೆಳತಿ ಇದನ್ನ ಪೂಜೆ ವಿಧಾನ ಅಂತ ಕರೀತಿದ್ಲು. ಒಂದು ಮನೆಯ ರೋಗವನ್ನ ಇನ್ನೊಂದು ಮನೆಗೆ ನಾವೇ ಹೊತ್ಕೊಂಡು ಹೋಗ್ಬಾರ್ದು, ಇಷ್ಟೇ ಅದರ ಒಳಗುಟ್ಟು. ಆದ್ರೆ ಅದು ನಂಗೆ ತಲೆಗೆ ಹೋಗಿದ್ದು ಬ್ಯಾಗಿಂದ ಅಲ್ಲ, ಫೀಲ್ಡಿಗೆ ಇಳಿದ ಎರಡನೇ ದಿನ. ರಸ್ತೆಗೆ ಹತ್ರ ಇದೆ ಅಂತ ನಾನು ಮೊದ್ಲು ಕೆಮ್ಮಿನ ಪೇಷೆಂಟ್ ಇರೋ ಮನೆಗೆ ಹೋಗಿ, ಆಮೇಲೆ ಹತ್ತು ದಿನದ ಬಾಣಂತಿ ಮನೆಗೆ ಹೊರಟಿದ್ದೆ. ಮೇಡಂ ಗೇಟಲ್ಲೇ ತಡೆದ್ರು. "ಮೊದ್ಲು ಹಸುಗೂಸು ಬಾಣಂತಿ, ಆಮೇಲೆ ಬಸುರಿ, ಆಮೇಲೆ ಬಿಪಿ ಶುಗರ್ರು, ಕಫ ಜ್ವರ ಇರೋರು ಕಡೇಲಿ. ಇವತ್ತು ಆ ಮನೆಗೆ ನೀನು ಹೋಗ್ಬೇಡ, ಇನ್ನೊಬ್ರು ಹೋಗ್ಲಿ" ಅಂದ್ರು. ದಾರಿ ಹತ್ತಿರ ಆಗೋದಕ್ಕೂ ವಿಸಿಟ್ ಪ್ಲ್ಯಾನಿಂಗಿಗೂ ಸಂಬಂಧ ಇಲ್ಲ ಅಂತ ಆವತ್ತು ಗೊತ್ತಾಯ್ತು.

ಮೇಡಂ ಕ್ಲಾಸಲ್ಲಿ ಮಾಡ್ತಿದ್ದ ಪಾಠಕ್ಕಿಂತ ನಡ್ಕೊಂಡು ಹೋಗ್ತಾ ಹೇಳ್ತಿದ್ದ ಕಥೆಗಳೇ ನಂಗೆ ಜಾಸ್ತಿ ಉಳ್ಕೊಂಡಿರೋದು. ವಿಲಿಯಂ ರ‍್ಯಾಥ್‌ಬೋನ್ ಕಥೆ ಎಲ್ಲರಿಗೂ ಗೊತ್ತಿರುತ್ತೆ, ಪರೀಕ್ಷೆಗೆ ಎರಡು ಮಾರ್ಕಿಗೆ ಬರುತ್ತೆ, 1859, ಲಿವರ್‌ಪೂಲ್, ಡಿಸ್ಟ್ರಿಕ್ಟ್ ನರ್ಸಿಂಗ್ (ಮನೆಗಳಿಗೇ ಹೋಗಿ ಮಾಡೋ ಶುಶ್ರೂಷೆ) ಶುರು, ಮುಗೀತು. ಆದ್ರೆ ಮೇಡಂ ಹೇಳೋ ರೀತಿ ಬೇರೆ. ಈ ವಿಲಿಯಂ ಒಬ್ಬ ವ್ಯಾಪಾರಿ, ಆತನ ಹೆಂಡತಿ ಕಾಯಿಲೆ ಬಿದ್ದಾಗ ಮನೇಲಿ ನೋಡ್ಕೊಂಡಿದ್ದು ಮೇರಿ ರಾಬಿನ್‌ಸನ್ ಅನ್ನೋ ನರ್ಸು. ಹೆಂಡತಿ ತೀರಿಹೋದ್ಮೇಲೆ, ದುಡ್ಡಿರೋ ನಮ್ಮ ಮನೇಲೇ ನರ್ಸ್ ಇದ್ದಿದ್ದಕ್ಕೆ ಇಷ್ಟು ಅನುಕೂಲ ಆಯ್ತು, ಬಡವರ ಮನೇಲಿ ಕಾಯಿಲೆ ಬಿದ್ದವರ ಗತಿ ಏನು ಅಂತ ಯೋಚನೆ ಮಾಡಿ ಆತ ಅದೇ ನರ್ಸನ್ನ ಬಡವರ ಮನೆಗಳಿಗೆ ಕಳಿಸ್ತಾನೆ. ಆಕೆ ಒಂದೇ ತಿಂಗಳಲ್ಲಿ ಅಳ್ತಾ ವಾಪಸ್ ಬಂದು, ಆ ಕಷ್ಟ ನೋಡೋಕಾಗಲ್ಲ, ನನ್ನ ಕೈಲಾಗಲ್ಲ ಅಂತಾಳೆ. ಸಮಾಧಾನ ಮಾಡಿ ಮತ್ತೆ ಕಳಿಸಿದ್ಮೇಲೆ ಅದೇ ಕೆಲಸ ಬಿಡಲ್ಲ ಅಂತ ನಿಲ್ತಾಳೆ. "ನೋಡ್ರೇ, ಈ ಕೆಲಸ ಮಾಡಿದ ಮೊದಲನೆಯವಳೇ ಅತ್ತಿದಾಳೆ, ನಿಮಗೆ ಅಳು ಬಂದ್ರೆ ಅಳಿ, ಆದ್ರೆ ನಾಳೆ ಎಂಟು ಗಂಟೆಗೆ ಬನ್ನಿ" ಅಂತ ಮೇಡಂ ನಗ್ತಿದ್ರು. ಅಮೆರಿಕದ ನರ್ಸ್ ಲಿಲಿಯನ್ ವಾಲ್ಡ್ ಬಗ್ಗೆನೂ ಹಾಗೇ. 1893ರಲ್ಲಿ ನ್ಯೂಯಾರ್ಕಿನ ಬಡವರ ಕೇರೀಲಿ ಮನೆ ಶುಶ್ರೂಷೆ ಬಗ್ಗೆ ಹೆಂಗಸರಿಗೆ ಪಾಠ ಮಾಡ್ತಿದ್ದಾಗ ಒಂದು ಪುಟ್ಟ ಹುಡುಗಿ ಬಂದು, ಅಮ್ಮಂಗೆ ಹುಷಾರಿಲ್ಲ ಬನ್ನಿ ಅಂತ ಕರ್ಕೊಂಡು ಹೋಗುತ್ತೆ, ಹೋಗಿ ನೋಡಿದ್ರೆ ಹೆರಿಗೆ ಆಗಿ ರಕ್ತಸ್ರಾವದಲ್ಲಿ ಮಲಗಿರೋ ತಾಯಿ. ಪಾಠ ಅಲ್ಲಿಗೇ ನಿಂತು ಕೆಲಸ ಅಲ್ಲಿಂದ ಶುರು. ಪಬ್ಲಿಕ್ ಹೆಲ್ತ್ ನರ್ಸ್ ಅನ್ನೋ ಹೆಸರು ಬಳಕೆಗೆ ಬಂದಿದ್ದೂ ಅವರಿಂದಲೇ.

ಇನ್ನು ಆ ಪದದ ವಿಷಯ.

ನಂಗೆ ಕೊಟ್ಟಿದ್ದ ಐದು ಮನೆಗಳಲ್ಲಿ ಮೂರನೇದ್ರಲ್ಲಿ ಒಂದು ವರ್ಷ ದಾಟಿದ ಮಗು. ಕಾರ್ಡ್ ನೋಡಿದ್ರೆ ಮೊದಲ ಕೆಲವು ಲಸಿಕೆ ಸರಿಯಾಗಿ ಆಗಿದೆ, ದಡಾರದ್ದು ಖಾಲಿ. ತಾಯಿ ಮಾತಾಡ್ತಾ ಮಾತಾಡ್ತಾ ಬಟ್ಟೆ ಮಡಚ್ತಾ ಇದ್ರು, ನನ್ನ ಮುಖ ನೋಡ್ಲಿಲ್ಲ. ನಾನು ಲಸಿಕೆ ಎಷ್ಟು ಮುಖ್ಯ ಅಂತ ಕಲಿತಿದ್ದನ್ನೆಲ್ಲ ಚಾರ್ಟ್ ಹಿಡ್ಕೊಂಡು ಹತ್ತು ನಿಮಿಷ ಹೇಳ್ದೆ. ಆಯ್ತು ಸಿಸ್ಟರ್ ಅಂದ್ರು. ಬಂದು ಫೋಲ್ಡರಲ್ಲಿ ಬರ್ದೆ: "ತಾಯಿಗೆ ತಿಳುವಳಿಕೆ ಕಡಿಮೆ, ಮಗುವಿನ ಲಸಿಕೆ ಬಗ್ಗೆ ಅಲಕ್ಷ್ಯ, ಆರೋಗ್ಯ ಶಿಕ್ಷಣ ನೀಡಲಾಯಿತು." ಬರೆದು ಖುಷಿಯಾಗಿದ್ದೆ ಬೇರೆ, ಅಸೆಸ್‌ಮೆಂಟು ಡಯಾಗ್ನೋಸಿಸ್ಸು ಇಂಟರ್ವೆನ್ಷನ್ನು ಎಲ್ಲ ಒಂದೇ ಸಾಲಲ್ಲಿ ಬಂತು ಅಂತ.

ಮಾರನೇ ದಿನ ಮೇಡಂ ಆ ಒಂದು ಪದಕ್ಕೆ ಗೆರೆ ಹೊಡೆದು ಪಕ್ಕದಲ್ಲಿ "ಕಂಡಿದ್ದೇ? ಕೇಳಿದ್ದೇ?" ಅಂತ ಬರೆದು ಫೋಲ್ಡರ್ ವಾಪಸ್ ಕೊಟ್ರು. ನಂಗೆ ಸಿಟ್ಟು ಬಂತು. ಕಾರ್ಡಲ್ಲಿ ಖಾಲಿ ಇದೆಯಲ್ಲ ಮೇಡಂ, ಇನ್ನೇನು ಕೇಳೋದು ಅಂದೆ. "ಕಾರ್ಡ್ ಖಾಲಿ ಇರೋದು ಕಂಡಿದ್ದು. ಅಲಕ್ಷ್ಯ ಅನ್ನೋದು ನೀನು ಸೇರಿಸಿದ್ದು. ಹೋಗು, ಚಾರ್ಟ್ ಇಲ್ಲೇ ಬಿಟ್ಟು ಹೋಗು."

ಚಾರ್ಟ್ ಇಲ್ದೆ ಹೋದ್ರೆ ಕೈ ಎಲ್ಲಿಡೋದು ಅಂತಾನೇ ಗೊತ್ತಾಗ್ಲಿಲ್ಲ. ಅವ್ರು ಬಟ್ಟೆ ಒಣಗಾಕ್ತಿದ್ರು, ನಾನೂ ಬಕೆಟ್ಟಿಂದ ಒಂದೊಂದೇ ಎತ್ತಿ ಕೊಡ್ತಾ ನಿಂತೆ. ಸ್ವಲ್ಪ ಹೊತ್ತು ಆದ್ಮೇಲೆ, "ಅಕ್ಕಾ, ಆ ಇಂಜೆಕ್ಷನ್ ದಿನ ಏನಾಗಿತ್ತು?" ಅಂತ ಕೇಳ್ದೆ ಅಷ್ಟೇ. ಆಗ ಬಂತು ನೋಡಿ. ಅವರು ಹೋಗಿದ್ರು. ಒಂದ್ಸಲ ಅಲ್ಲ, ಎರಡು ಸಲ. ಮೊದಲ ಸಲ ಮಗೂಗೆ ಮೂಗು ಸೋರ್ತಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು, ಹುಷಾರಾದ್ಮೇಲೆ ಬನ್ನಿ ಅಂತ ವಾಪಸ್ ಕಳಿಸಿದ್ದಾರೆ. ಎರಡನೇ ಸಲ ಇವರ ಮಗು ಸೇರಿ ಇಬ್ರೇ ಇದ್ರು, ಇಬ್ರಿಗೋಸ್ಕರ ಬಾಟಲಿ ಓಪನ್ ಮಾಡಿದ್ರೆ ಉಳಿದಿದ್ದೆಲ್ಲ ವೇಸ್ಟ್ ಆಗುತ್ತೆ, ಮುಂದಿನ ಸಲ ಬನ್ನಿ ಅಂದಿದ್ದಾರೆ. ಎರಡು ಸಲ ಕೆಲಸ ಬಿಟ್ಟು ಹೋಗಿ ನಿಂತಿದ್ದು, ಮೂರನೇ ಸಲ ಕೆಲಸದ ಕಡೆಯವರು ರಜಾ ಕೊಡ್ಲಿಲ್ಲ. ಇದನ್ನ ಹೇಳುವಾಗ ಅವರು ಮೊದಲ ಸಲ ನನ್ನ ಮುಖ ನೋಡಿದ್ದು. ನಾನು ಹಿಂದಿನ ದಿನ ಇದೇ ಮುಖಕ್ಕೆ ಹತ್ತು ನಿಮಿಷ ಲಸಿಕೆಯ ಮಹತ್ವ ಹೇಳಿದ್ದೆ.

ಈಗ ಯಾರಾದ್ರೂ ಸ್ಟೂಡೆಂಟ್ಸ್ ಇದನ್ನ ಓದ್ತಿದ್ರೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಣ್ಣ ನೆಗಡಿ, ಕೆಮ್ಮು, ಮೈ ಬೆಚ್ಚಗಿರೋದು, ಇವು ಲಸಿಕೆ ಮುಂದಕ್ಕೆ ಹಾಕೋಕೆ ಕಾರಣವೇ ಅಲ್ಲ. ಹೀಗೆ ವಾಪಸ್ ಕಳಿಸೋದಕ್ಕೆ ಮಿಸ್ಡ್ ಆಪರ್ಚುನಿಟಿ ಅಂತ ಹೆಸರು, ಮನೆವರೆಗೂ ಹುಡ್ಕೊಂಡು ಹೋಗೋ ನಾವು ಬಾಗಿಲಿಗೆ ಬಂದ ಮಗೂನ ಬಿಡೋದು. ದಡಾರದ ಲಸಿಕೆ ಪುಡಿ ರೂಪದಲ್ಲಿರುತ್ತೆ, ಅದರ ಜೊತೆ ಬರೋ ದ್ರವದಲ್ಲಿ ಕಲಸಿದ್ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಿಯಮದ ಪ್ರಕಾರ 6 ಗಂಟೆ ಅಥವಾ ಸೆಷನ್ ಮುಗಿಯೋದು, ಯಾವುದು ಮೊದಲೋ ಅಷ್ಟರೊಳಗೆ ಬಳಸಿ ಮಿಕ್ಕಿದ್ದನ್ನ ಎಸೀಲೇಬೇಕು, ಅದ್ರಲ್ಲಿ ಕಾಂಪ್ರಮೈಸ್ ಇಲ್ಲ. ಅದಕ್ಕೇ ಬಾಟಲಿ ತೆಗೆಯೋಕೆ ಕೈ ಹಿಂಜರಿಯುತ್ತೆ, ಸ್ಟಾಕ್ ರಿಜಿಸ್ಟರಲ್ಲಿ ವೇಸ್ಟೇಜ್ ಜಾಸ್ತಿ ಕಂಡ್ರೆ ಮೇಲಿನವರು ಕೇಳ್ತಾರೆ. ಆದ್ರೆ ಬಾಟಲಿಯಲ್ಲಿ ಉಳಿದ ಡೋಸಿಗೆ ರಿಜಿಸ್ಟರಲ್ಲಿ ಕಾಲಂ ಇದೆ, ವಾಪಸ್ ಹೋದ ಮಗೂಗೆ ಕಾಲಂ ಇಲ್ಲ. ಒಂದೇ ಮಗು ಇದ್ರೂ ಬಾಟಲಿ ತೆಗೀಬೇಕು ಅಂತ ಮೇಡಂ ಆವತ್ತು ಬೋರ್ಡ್ ಮೇಲೆ ಬರೆದು ಕೆಳಗೆ ಗೆರೆ ಎಳೆದ್ರು. ತಡ ಆಗಿದ್ರೆ ಮೊದಲಿಂದ ಶುರು ಮಾಡೋ ಅಗತ್ಯನೂ ಇಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದ್ರೆ ಸಾಕು.

ಮುಂದಿನ ಸೆಷನ್ನಿಗೆ ನಾನೇ ಅವರ ಜೊತೆ ಹೋದೆ, ಲಸಿಕೆ ಆಯ್ತು. ಫೋಲ್ಡರಲ್ಲಿ ಆ ಸಾಲನ್ನ ಮತ್ತೆ ಬರೆಯೋಕೆ ಎರಡು ದಿನ ಹಿಡೀತು. "ತಾಯಿ ಎರಡು ಬಾರಿ ಬಂದಿದ್ದಾರೆ, ಎರಡು ಬಾರಿಯೂ ಹಿಂದಕ್ಕೆ ಕಳಿಸಲಾಗಿದೆ." ಮೇಡಂ ಏನೂ ಹೇಳ್ಲಿಲ್ಲ, ಸೈನ್ ಹಾಕಿದ್ರು.

ಫ್ಯಾಮಿಲಿ ಈಸ್ ದ ಯೂನಿಟ್ ಆಫ್ ಸರ್ವಿಸ್, ಅಂದ್ರೆ ರೋಗಿ ಒಬ್ರೇ ಅಲ್ಲ ಇಡೀ ಕುಟುಂಬಕ್ಕೆ ನಮ್ಮ ಸೇವೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ವಿ, ಅದರ ಅರ್ಥ ಮಾತ್ರ ಐದನೇ ಮನೇಲಿ ಗೊತ್ತಾಯ್ತು. ಅಲ್ಲಿ ಲಕ್ವ ಹೊಡೆದ ಒಬ್ಬ ಅಜ್ಜ. ನಾನು ಹೋಗಿ ಬಿಪಿ ನೋಡೋದು, ಬೆನ್ನು ನೋಡೋದು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಿ ಅಂತ ಹೇಳೋದು. ಹಾಸಿಗೆ ಹುಣ್ಣು ಆಗಿರ್ಲಿಲ್ಲ, ಸೊಂಟದ ಹತ್ರ ಸ್ವಲ್ಪ ಕೆಂಪಾಗಿತ್ತು. ಒಂದಿನ ಮೇಡಂ ಜೊತೆಗೆ ಬಂದ್ರು. ಅಜ್ಜನ್ನ ಮಾತಾಡ್ಸಿ ಆದ್ಮೇಲೆ ಬಾಗಿಲ ಹತ್ರ ನಿಂತಿದ್ದ ಮಗಳನ್ನ ನೋಡಿ, "ಎರಡು ಗಂಟೆಗೊಮ್ಮೆ ತಿರುಗಿಸ್ತೀರಲ್ಲ, ರಾತ್ರಿ ಯಾರಮ್ಮಾ ಎದ್ದೇಳೋದು?" ಅಂತ ಕೇಳಿದ್ರು. ನಾನೇ ಮೇಡಂ ಅಂದ್ರು ಅವರು. "ಮತ್ತೆ ನೀವು ಮಲಗೋದು?" ಆಕೆ ಏನೋ ಹೇಳೋಕೆ ಹೋಗಿ ಅತ್ತುಬಿಟ್ರು. ನಾನು ಆರು ವಿಸಿಟ್ ಮಾಡಿದ್ದೆ, ಒಂದ್ಸಲಾನೂ ಆ ಪ್ರಶ್ನೆ ಬಂದಿರ್ಲಿಲ್ಲ, ಯಾಕಂದ್ರೆ ಅವರ ಹೆಸರಿನ ಮುಂದೆ ಫೋಲ್ಡರಲ್ಲಿ "ಆರೋಗ್ಯವಂತೆ" ಅಂತ ಟಿಕ್ ಹಾಕಿ ಮುಗಿಸಿದ್ದೆ. ಆವತ್ತು ಮೇಡಂ ಒಬ್ರೇ ಹಾಸಿಗೆ ಚಾದರ ಹಿಡ್ಕೊಂಡು ಬೆನ್ನಿಗೆ ಪೆಟ್ಟಾಗದ ಹಾಗೆ ಅಜ್ಜನ್ನ ಹೇಗೆ ಹೊರಳಿಸೋದು ಅಂತ ತೋರಿಸಿಕೊಟ್ರು, ಹೊರಗೆ ಕೂತಿದ್ದ ಮಗನನ್ನೂ ಕರೆದು ಅವನ ಕೈಲೂ ಮಾಡ್ಸಿದ್ರು. ಬೆಳಗಿನ ಜಾವದ ಪಾಳಿ ಅವನದು ಅಂತ ತೀರ್ಮಾನ ಆಯ್ತು. ಅವನು ಅದುವರೆಗೂ ಇದೆಲ್ಲ ಹೆಂಗಸರ ಕೆಲಸ ಅಂತ ಕೂತಿದ್ನೋ, ಯಾರೂ ಕರೆದೇ ಇರ್ಲಿಲ್ವೋ, ನಂಗೆ ಗೊತ್ತಿಲ್ಲ.

ಓಆರ್‌ಎಸ್ (ಭೇದಿ ಆದಾಗ ನೀರಲ್ಲಿ ಕಲಸಿ ಕುಡಿಸೋ ಪುಡಿ) ಡೆಮೋ ಬಗ್ಗೆ ಒಂದು ಮಾತು ಬರೀದಿದ್ರೆ ನಮ್ಮ ಬ್ಯಾಚಿನವರು ನನ್ನ ಬಿಡಲ್ಲ. ನಾನು ಲೀಟರ್ ಜಾರ್ ತಗೊಂಡು ಹೋಗಿ ಚೆಂದಾಗಿ ಕಲಸಿ ತೋರಿಸಿ, ಚಪ್ಪಾಳೆ ಒಂದೇ ಬಾಕಿ ಅನ್ನೋವಾಗ ಒಬ್ರು ಅಜ್ಜಿ, "ಅದು ನಿನ್ನ ಜಾರು ಕಣಮ್ಮಾ, ನಮ್ಮನೇಲಿ ಇಂಥದ್ದು ಇಲ್ವಲ್ಲ" ಅಂದ್ಬಿಟ್ರು. ಪೊಟ್ಟಣ ಇರೋದು 1 ಲೀಟರ್ ನೀರಿಗೆ ಸರಿಯಾಗಿ ಲೆಕ್ಕ ಹಾಕಿ, ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಎರಡೂ ಸಮ, ಯಾಕಂದ್ರೆ ಕರುಳಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಮ್ಮನ್ನ ಜೊತೇಲಿ ಎಳ್ಕೊಂಡು ಹೋಗುತ್ತೆ, ಅದರ ಹಿಂದೆ ನೀರು ಹೋಗುತ್ತೆ. ನೀರು ಕಡಿಮೆ ಹಾಕಿದ್ರೆ ಉಪ್ಪು ಜಾಸ್ತಿ ಆಗಿ ಮಗೂಗೇ ತೊಂದ್ರೆ, ಜಾಸ್ತಿ ಹಾಕಿದ್ರೆ ಪ್ರಯೋಜನ ಇಲ್ಲ. ಆವತ್ತಿಂದ ನಾವು ಮಾಡಿದ್ದು ಇಷ್ಟು: ಅವರವರ ಮನೆ ಪಾತ್ರೇನೇ ಈಚೆ ತರ್ಸಿ, ನಮ್ಮ ಜಾರಿಂದ ಅಳೆದು ಒಂದು ಲೀಟರ್ ಹುಯ್ದು, ನೀರು ಎಲ್ಲಿವರೆಗೂ ಬಂತೋ ಅಲ್ಲಿ ಗುರುತು ಹಾಕಿ ಕೊಡೋದು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗ್ಬೇಕು ಅಂದ 1978ರ ಆಲ್ಮಾ ಆಟಾ ಘೋಷಣೆ ಬಗ್ಗೆ ಬರೀರಿ ಅಂದ್ರೆ ನಾವು ಪ್ರೈಮರಿ ಹೆಲ್ತ್ ಕೇರಿನ ಎಂಟು ಅಂಶಾನೂ ಒಂದೇ ಉಸಿರಲ್ಲಿ ಬರೀತಿದ್ವಿ, ಅಪ್ರೋಪ್ರಿಯೇಟ್ ಟೆಕ್ನಾಲಜಿ (ಜನರ ಪರಿಸ್ಥಿತಿಗೆ ಹೊಂದೋ ತಂತ್ರ) ಅಂತ ಹೆಡ್ಡಿಂಗಿಗೆ ಅಂಡರ್‌ಲೈನೂ ಮಾಡ್ತಿದ್ವಿ. ಅದು ಪಾತ್ರೆ ಮೇಲಿನ ಒಂದು ಗೀರು ಅಂತ ಆ ಅಜ್ಜಿ ಹೇಳ್ಕೊಡ್ಬೇಕಾಯ್ತು.

ಆಮೇಲೆ ನಾನೂ ಕಮ್ಯುನಿಟಿ ಸೈಡೇ ತಗೊಂಡೆ, ಐಸಿಯು ಆಸೆ ಯಾವಾಗ ಹೋಯ್ತೋ ನೆನಪಿಲ್ಲ. ಈಗ ಸ್ಟೂಡೆಂಟ್ಸ್ ಫೋಲ್ಡರ್ ಕರೆಕ್ಷನ್ ನನ್ನ ಟೇಬಲ್ಲಿಗೆ ಬರುತ್ತೆ. ಹೋದ ವಾರ ಒಂದು ಹುಡುಗಿ, ಬರವಣಿಗೆ ಥೇಟ್ ನನ್ನ ಹಾಗೇ ದುಂಡಗೆ, ಒಂದು ಮನೆ ಬಗ್ಗೆ "ಕುಟುಂಬದವರು ಸಹಕರಿಸುವುದಿಲ್ಲ" ಅಂತ ಬರೆದು ಕೆಳಗೆ ನೀಟಾಗಿ ಡೇಟ್ ಹಾಕಿದ್ಲು. ಕೆಂಪು ಪೆನ್ ಹುಡುಕಿದೆ, ಯಾರೋ ತಗೊಂಡು ಹೋಗಿದ್ರು. ನೀಲಿಯಲ್ಲೇ ಗೆರೆ ಹೊಡೆದು ಕೊಟ್ಟೆ. ಮುಖ ಊದಿಸ್ಕೊಂಡು ಹೋಗಿದಾಳೆ, ಮಂಗಳವಾರ ಮತ್ತೆ ಆ ಮನೆಗೆ ಹೋಗ್ತಾಳೆ, ಚಾರ್ಟ್ ನನ್ನ ಹತ್ರನೇ ಇದೆ.