ಅವ್ವನ ಸಂಚಿಯಲ್ಲಿದ್ದ ಗುಳಿಗೆ

ಬ್ಯಾಡಗಿಯಲ್ಲಿ ಯಾರಿಗೇ ಹೊಟ್ಟೆ ಉರಿದರೂ ಮೊದಲು ಬೈಸಿಕೊಳ್ಳುವುದು ಮೆಣಸಿನಕಾಯಿ. ನಮ್ಮವ್ವನಂತೂ ಸುಗ್ಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ರೊಟ್ಟಿ ಜೊತೆ ರಂಜಕ ಇಲ್ಲದಿದ್ದರೆ ಊಟ ಸೇರುವುದಿಲ್ಲ. ಹೊಟ್ಟೆ ನೋವು ಶುರುವಾದಾಗ ಓಣಿಯವರೆಲ್ಲ "ಖಾರ ಬಿಡಬೇ" ಅಂದರು. ಬಿಟ್ಟಳು. ಆದರೂ ನಡುರಾತ್ರಿ ಎದ್ದು ಹೊಟ್ಟೆ ಹಿಡಿದು ಕೂರುವುದು ತಪ್ಪಲಿಲ್ಲ. ಏನಾದರೂ ತಿಂದರೆ ಸ್ವಲ್ಪ ಹೊತ್ತು ಆರಾಮ, ಮತ್ತೆ ಅದೇ ಉರಿ.

ಒಂದು ಬೆಳಿಗ್ಗೆ ನಾಚಿಕೊಳ್ಳುತ್ತಲೇ ಹೇಳಿದಳು, "ಸಂಡಾಸ ಡಾಂಬರದಂಗ ಕರ್ರಗ ಆಗೇತಿ. ಎದ್ದ ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ."

ಕಪ್ಪಗೆ, ಅಂಟಂಟಾಗಿ ಹೋದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಅದಕ್ಕೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಅವ್ವನನ್ನು ಮಲಗಿಸಿಕೊಂಡು ಹುಬ್ಬಳ್ಳಿಗೆ ಹೊರಟೆವು. ಹಾವೇರಿ, ಬಂಕಾಪುರ, ಶಿಗ್ಗಾವಿ. ಆ ರಸ್ತೆ ಅಷ್ಟು ಉದ್ದ ಅಂತ ಎಂದೂ ಅನ್ನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಖಾರದ ಸುದ್ದಿಯನ್ನೇ ಎತ್ತಲಿಲ್ಲ. "ಅವ್ವಾರ, ಮೊಣಕಾಲ ಬ್ಯಾನಿಗೆ ಏನರ ಗುಳಗಿ ತಗೋತೀರೇನ್ರಿ?" ಅಂದರು. ಅವ್ವ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಡೈಕ್ಲೋಫೆನಾಕ್ ಹಾಳೆ ತೆಗೆದು ಕೊಟ್ಟಳು. ಕೂತು ಕೂತು ಮೊಣಕಾಲು ಹಿಡಿದಾಗಲೆಲ್ಲ ಅಂಗಡಿಯಿಂದ ತಂದು ನುಂಗುತ್ತಿದ್ದಳಂತೆ, ಎಷ್ಟೋ ಸಲ ಬರೀ ಹೊಟ್ಟೆಯಲ್ಲಿ.

ರಕ್ತ ತೀರಾ ಕಡಿಮೆ ಇತ್ತು, ಹಾಕಿಸಬೇಕಾಯಿತು. ಆಮೇಲೆ ಎಂಡೋಸ್ಕೋಪಿ. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ತೆಳುವಾದ ಕೊಳವೆ ಇಳಿಸಿದರು. ಸಣ್ಣ ಕರುಳು ಶುರುವಾಗುವಲ್ಲೇ ಹುಣ್ಣು. ಸ್ವಲ್ಪ ಚೂರು ತೆಗೆದು ಪರೀಕ್ಷೆ ಮಾಡಿದಾಗ ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನುವ ಕ್ರಿಮಿಯೂ (ಹುಳ ಅಲ್ಲ, ಬ್ಯಾಕ್ಟೀರಿಯಾ) ಸಿಕ್ಕಿತು. ಈ ಜಾತಿಯ ನೋವಿನ ಗುಳಿಗೆ ಹೊಟ್ಟೆಯ ಒಳಪದರವನ್ನು ಕಾಯುವ ವಸ್ತುವನ್ನೇ ಕಡಿಮೆ ಮಾಡುತ್ತದೆ. ಅದು ರಕ್ತದ ಮೂಲಕವೂ ಆಗುವ ಕೆಲಸ. ಹಾಗಾಗಿ ಊಟ ಮಾಡಿ ನುಂಗಿದರೂ, ಇಂಜೆಕ್ಷನ್ ತಗೊಂಡರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಜೊತೆಗೆ ಕ್ರಿಮಿಯೂ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಖಾರ, ಚಿಂತೆ ಇವೇ ಹುಣ್ಣಿಗೆ ಮೂಲ ಅಂತ ಡಾಕ್ಟರುಗಳೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಕ್ರಿಮಿಯನ್ನು ತಾವೇ ಕುಡಿದು, ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಇಷ್ಟಾದರೂ ನಮ್ಮ ಓಣಿಯಲ್ಲಿ ಇನ್ನೂ ಬೈಗುಳ ಮೆಣಸಿನಕಾಯಿಗೇ ಅನ್ನುವುದು ನನಗೆ ನಿಜಕ್ಕೂ ಸಂಕಟ. ಗುಳಿಗೆ ಮಾತ್ರ ಸುಮ್ನೆ ಸಂಚಿಯಲ್ಲಿ ಉಳಿಯುತ್ತದೆ ಅಲ್ವಾ?

ಆಂಟಿಬಯಾಟಿಕ್, ಆಸಿಡ್ ಕಡಿಮೆ ಮಾಡುವ ಗುಳಿಗೆ, ಎಲ್ಲ ಸೇರಿ 14 ದಿನದ ಕೋರ್ಸ್ ಬರೆದುಕೊಟ್ಟರು. ನೋವು ನಿಂತಿತು ಅಂತ ನಡುವೆ ಬಿಡಬಾರದು ಅಂತ ಒತ್ತಿ ಹೇಳಿದರು. ಅವ್ವ ಒಂದನ್ನೂ ಬಿಡದೆ ಮುಗಿಸಿದಳು. ಕ್ರಿಮಿ ಹೋಗಿದೆಯೋ ಇಲ್ಲವೋ ನೋಡಲು ಇನ್ನೊಂದು ಪರೀಕ್ಷೆ ಬಾಕಿ ಇದೆ. ಮೊಣಕಾಲಿಗೆ ಈಗ ಡಾಕ್ಟರು ಬರೆದ ಪ್ಯಾರಾಸಿಟಮಾಲ್ ಮಾತ್ರ. ನೋವು ಪೂರ್ತಿ ಹೋಗಿಲ್ಲ. ರಂಜಕವನ್ನು ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡಿದ್ದಾಳೆ.