ಮಳೆಗಾಲಕ್ಕೊಂದು ಸೈಕಲ್: ಮೃಗಶಿರಾದಿಂದ ಪುಷ್ಯದವರೆಗೆ

ಮೃಗಶಿರಾ

ಜೂನ್ ಬಂತೆಂದರೆ ನಮ್ಮ ಕಡೆ ಮೌಂಟನ್ ಸೈಕಲ್ ಇಟ್ಟುಕೊಂಡವರು ಅದನ್ನು ಗೋಡೆಗೆ ಒರಗಿಸಿ ದಸರೆಯವರೆಗೆ ಮರೆತುಬಿಡುತ್ತಾರೆ. ಈ ವರ್ಷ ಚಿಕ್ಕಮಗಳೂರಿನ ಮಳೆಯಲ್ಲೇ ಓಡಿಸುವುದೆಂದು ಹಠ ಹಿಡಿದಿದ್ದೇನೆ. ಸೈಕಲ್ ಹಳೆಯದೇ. ಅಲ್ಯೂಮಿನಿಯಂ ಫ್ರೇಮ್, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್, 29 ಇಂಚಿನ ಚಕ್ರ, ಮುಂಚಕ್ರವನ್ನು ಹಿಡಿದು 120 ಮಿಲಿಮೀಟರ್ ಕುಗ್ಗುವ, ಗಾಳಿ ತುಂಬಿದ ಫೋರ್ಕ್. ಹೊಸದು ಕೊಳ್ಳುವ ಯೋಚನೆಯಿಲ್ಲ. ಇರುವ ದುಡ್ಡೆಲ್ಲ ಬ್ರೇಕಿಗೆ, ಟೈರಿಗೆ. ಮಲೆನಾಡಿನ ಮಳೆಯಲ್ಲಿ ಸೈಕಲ್ ಎಷ್ಟು ಹಗುರ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬೇಕೆಂದಾಗ ನಿಲ್ಲುತ್ತದೆಯೇ, ನೆಲ ಹಿಡಿಯುತ್ತದೆಯೇ ಎಂಬುದೇ ಲೆಕ್ಕ.

ಆದರೂ ಮೊದಲು ಬಿಚ್ಚಿದ್ದು ಫೋರ್ಕನ್ನು. 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲುಗಳನ್ನು ಕಳಚಿ ಎಣ್ಣೆ ಬದಲಿಸಿ ಎಂದು ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್‌ನವರು ಹೇಳುತ್ತಾರೆ. ಕೆಸರಿನಲ್ಲಿ ಓಡಿಸುವವರು ಅದಕ್ಕೂ ಮೊದಲೇ ನೋಡುವುದು ಲೇಸು. ಗಾಳಿ ಪೂರ್ತಿ ಬಿಟ್ಟು, ತಳದ ಬೋಲ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಒಳಗಿನ ಹಿಡಿತ ಬಿಡುತ್ತದೆ. ಕಾಲುಗಳನ್ನು ಎಳೆದಾಗ ತಟ್ಟೆಗೆ ಇಳಿದ ಎಣ್ಣೆ ಎರಡನೇ ಸಲ ಇಳಿಸಿದ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಸೀಲಿನ ಕೆಳಗೆ ಕೂರುವ ಸ್ಪಂಜಿನ ಉಂಗುರಗಳು ಒಣಗಿ ಹೋಗಿದ್ದವು. ಫೋರ್ಕ್ ಸರಾಗವಾಗಿ ಜಾರಬೇಕಾದರೆ ಆ ಉಂಗುರಗಳು ಎಣ್ಣೆ ಕುಡಿದಿರಲೇಬೇಕು. ಅವನ್ನು ತೊಳೆದು, ನೆನೆಸಿ, ಸಿರಿಂಜಿನಿಂದ ಅಳತೆಯ ಎಣ್ಣೆ ಹಾಕಿ ಮುಚ್ಚಿದೆ. ಬೆನ್ನಿಗೆ ಚೀಲ ಹಾಕಿಕೊಂಡು, ಹೆಲ್ಮೆಟ್ ತೊಟ್ಟು ಸೈಕಲ್ ಮೇಲೆ ನಿಂತಾಗ ಫೋರ್ಕ್ 24 ಮಿಲಿಮೀಟರ್ ಕುಗ್ಗುವಂತೆ ಗಾಳಿ ಹೊಂದಿಸಿದ್ದೇನೆ. ಫೋರ್ಕ್ ಒಟ್ಟು ಕುಗ್ಗಬಲ್ಲ ಅಳತೆಯ ಶೇಕಡಾ 20. ಈಗ ಅಂಗಳದ ಮೆಟ್ಟಿಲು ಇಳಿಸಿದರೂ ಹಿಂದಿನ ಆ ಗಡಸುತನ ಇಲ್ಲ.

ಆರಿದ್ರಾ

"ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಎನ್ನುತ್ತಾರೆ. ಈ ಸಲ ಆಯಿತು, ಚೆನ್ನಾಗಿಯೇ ಆಯಿತು. ಬ್ರೇಕ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಹಳೆಯ ಬ್ರೇಕ್ ಪ್ಯಾಡುಗಳು ರಾಳದಿಂದ ಕಟ್ಟಿದ ರೆಸಿನ್‌ನವು. ಒಣ ದಾರಿಯಲ್ಲಿ ಅವು ಮೃದುವಾಗಿ, ಸದ್ದಿಲ್ಲದೆ ಹಿಡಿಯುತ್ತವೆ. ಆದರೆ ಮಣ್ಣುನೀರು ಡಿಸ್ಕಿಗೆ ಮೆತ್ತಿದಾಗ ಬಲು ಬೇಗ ಸವೆಯುತ್ತವೆ. ಲೋಹದ ಪ್ಯಾಡ್ ಮಳೆಯಲ್ಲಿ ಹೆಚ್ಚು ಬಾಳುತ್ತದೆ, ಕಿರುಚಾಟ ಮಾತ್ರ ಸಹಿಸಿಕೊಳ್ಳಬೇಕು. ಕೊಳ್ಳುವ ಮುನ್ನ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಇತ್ತು. ಸೈಕಲ್ ಬಿಡಿಭಾಗ ಮಾಡುವ ಶಿಮಾನೋದ ಕಡಿಮೆ ಬೆಲೆಯ ಡಿಸ್ಕುಗಳಲ್ಲಿ ಈ ಬರಹ ಸಾಮಾನ್ಯ. ಅಂಥ ಡಿಸ್ಕಿಗೆ ಲೋಹದ ಪ್ಯಾಡ್ ಹಾಕಿದರೆ ಪ್ಯಾಡು ಡಿಸ್ಕನ್ನೇ ತಿಂದು ಹಾಕುತ್ತದೆ. ಹಾಗಾಗಿ ಡಿಸ್ಕುಗಳೂ ಬದಲಾದವು: ಮುಂದೆ 180 ಮಿಲಿಮೀಟರ್, ಹಿಂದೆ 160. ಸೆಕೆಂಡ್‌ಹ್ಯಾಂಡ್ ಸೈಕಲ್ ಕೊಳ್ಳುವವರು ಈ ಬರಹವನ್ನು ಹುಡುಕಿ ಓದಲಿ ಎಂದು ಮನಸಾರೆ ಹೇಳುತ್ತೇನೆ.

ಇನ್ನೊಂದು ಮಾತು ಚಿಕ್ಕ ಊರುಗಳಲ್ಲಿರುವವರಿಗೆ. ಶಿಮಾನೋ ಬ್ರೇಕಿನೊಳಗೆ ಓಡುವುದು ಮಿನರಲ್ ಆಯಿಲ್. ಅದು ಸಿಗಲಿಲ್ಲವೆಂದು ಮೋಟಾರ್‌ಸೈಕಲ್ ಅಂಗಡಿಯ ಡಾಟ್ ಎಂಬ ಬ್ರೇಕ್ ದ್ರವ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ನಾನು ಆಯಿಲ್ ತರಿಸಿಕೊಂಡು, ಅದು ಬರುವವರೆಗೆ ಕಾದೆ. ಬ್ರೇಕಿನ ವಿಷಯದಲ್ಲಿ ಅವಸರ ಸಲ್ಲದು.

ಹೊಸ ಪ್ಯಾಡನ್ನು ಪಳಗಿಸಿದ್ದು ಚಿಕ್ಕಮಗಳೂರಿನ ಹತ್ತಿರದ ಕೈಮರದ ರಸ್ತೆಯಲ್ಲಿ. ವೇಗವಾಗಿ ಹೋಗುವುದು, ಪೂರ್ತಿ ನಿಲ್ಲದಂತೆ ಬ್ರೇಕ್ ಒತ್ತುವುದು, ಮತ್ತೆ ವೇಗ ಹೆಚ್ಚಿಸುವುದು. ಇಪ್ಪತ್ತರಷ್ಟು ಸಲ ಹೀಗೆ ಮಾಡಿದ ಮೇಲೆ ಹಿಡಿತ ಏರುವುದು ಬೆರಳಿಗೇ ತಿಳಿಯುತ್ತದೆ.

ಪುನರ್ವಸು

ಟೈರ್. ನಮ್ಮ ಕೆಂಪು ಮಣ್ಣು ನೆನೆದರೆ ಅಂಟು. ಅಗಲ ಟೈರು ಅದನ್ನು ಹೊತ್ತುಕೊಂಡು ಬಂದು ಫ್ರೇಮಿನ ಸಂದಿಯಲ್ಲಿ ತುರುಕುತ್ತದೆ, ಕೊನೆಗೆ ಚಕ್ರವೇ ತಿರುಗುವುದಿಲ್ಲ. ಅದಕ್ಕೆಂದೇ 2.6 ಇಂಚಿನದನ್ನು ತೆಗೆದು 2.25ಕ್ಕೆ ಇಳಿದೆ. ಟೈರಿನ ಮೈಮೇಲಿನ ಗುಬುಟುಗಳು ಎತ್ತರವಾಗಿ, ದೂರದೂರ ಇರುವಂಥದ್ದು. ಚಕ್ರ ತಿರುಗಿದಂತೆ ಮಣ್ಣನ್ನು ಕೊಡವಿಕೊಳ್ಳುತ್ತದೆ.

ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಮಾಡಿದೆ. ರಿಮ್‌ಗೆ ಟೇಪ್ ಸುತ್ತಿ, ವಾಲ್ವ್ ಕೂರಿಸಿ, ಟೈರಿನ ಅಂಚು ರಿಮ್‌ಗೆ ಕಚ್ಚಲು ಒಮ್ಮೆಲೇ ನುಗ್ಗುವ ಗಾಳಿ ಬೇಕು. ಕೈಪಂಪಿನಿಂದ ಅದು ಆಗುವ ಕೆಲಸವಲ್ಲ. ಬಸ್ ನಿಲ್ದಾಣದ ಹತ್ತಿರದ ಪಂಕ್ಚರ್ ಅಂಗಡಿಗೆ ಹೋದೆ. "ಸೈಕಲ್ಲಿಗೂ ಟ್ಯೂಬ್‌ಲೆಸ್ ಬಂತೇ ಸಾರ್?" ಎಂದು ಅಂಗಡಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ವಾಲ್ವಿನೊಳಗಿನ ತಿರುಳನ್ನು ಬಿಚ್ಚಿಟ್ಟು, ಕಂಪ್ರೆಸರ್ ಗಾಳಿ ಬಿಟ್ಟ ಕೂಡಲೇ ಠಪ್, ಠಪ್ ಎಂದು ಎರಡೂ ಅಂಚು ಕೂತವು. ಆಮೇಲೆ ಅದೇ ವಾಲ್ವಿನ ಮೂಲಕ ಟೈರಿಗೆ 100 ಮಿಲಿಲೀಟರಿನಂತೆ ತೂತು ಮುಚ್ಚುವ ಬಿಳಿ ಸೀಲಂಟ್ ಸುರಿದು, ತಿರುಳು ಹಾಕಿ, ಚಕ್ರವನ್ನು ಆಚೀಚೆ ಓಲಾಡಿಸಿದೆವು. ಅಂಗಡಿಯವರು ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ಈಗ ಮುಂದೆ 20 ಪಿಎಸ್‌ಐ, ಹಿಂದೆ 23. ಟ್ಯೂಬ್ ಇದ್ದಾಗ ಇಷ್ಟು ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಬಡಿದರೆ ಟ್ಯೂಬು ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ ಹರಿಯುತ್ತಿತ್ತು.

ಭಾನುವಾರ ಮೊದಲ ಸವಾರಿ. ಕೈಮರದಿಂದ ಅತ್ತಿಗುಂಡಿ ಕಡೆಗೆ ಡಾಂಬರು ರಸ್ತೆಯಲ್ಲಿ ಹತ್ತಿ, ಪರಿಚಯದವರ ಎಸ್ಟೇಟಿನೊಳಗೆ ಇಳಿಯುವ ದಾರಿ. ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿದ್ದೆ. "ಬನ್ನಿ, ಆದರೆ ಮರಗಸಿ ಮಾಡಿದ ರೆಂಬೆಗಳು ದಾರಿಗೆ ಅಡ್ಡ ಬಿದ್ದಿವೆ, ನೋಡಿಕೊಂಡು ಇಳಿಯಿರಿ" ಎಂದರು. ಹೇಳಿದ್ದು ಒಳ್ಳೆಯದಾಯಿತು. ಸಿಲ್ವರ್ ಓಕ್ ಎಲೆ ಹಾಸಿದ ತಿರುವಿನಲ್ಲಿ ಕೆಳಗೆ ಬೇರಿದೆಯೋ ಕಲ್ಲಿದೆಯೋ ಕಾಣುವುದಿಲ್ಲ. ಬೇರಿನ ಮೇಲೆ ಬ್ರೇಕ್ ಒತ್ತಿದರೆ ಜಾರುವುದು ಖಚಿತ. ಅದಕ್ಕೆ ಮೊದಲೇ ವೇಗ ಇಳಿಸಿ, ಬೇರನ್ನು ನೇರವಾಗಿ ದಾಟಿ, ಬ್ರೇಕ್ ಬಿಟ್ಟು ಉರುಳಲು ಬಿಡಬೇಕು. ನೆನೆದ ಡಿಸ್ಕ್ ಮೊದಲ ಒತ್ತಿಗೆ ನೀರನ್ನಷ್ಟೇ ಒರೆಸುತ್ತದೆ, ಹಿಡಿತ ಆಮೇಲೆ ಬರುತ್ತದೆ. ಆ ಅರೆಗಳಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡು ಇಳಿದರೆ ಮಳೆಯ ಇಳಿಜಾರು ಕೊಡುವ ಖುಷಿ ಬೇಸಿಗೆಯ ಧೂಳಿನಲ್ಲಿ ಸಿಗುವುದೇ ಇಲ್ಲ. ಮುಂದಿನ ಟೈರು ತಿರುವನ್ನು ಕಚ್ಚಿ ಹಿಡಿದಾಗ ನಾನು ಜೋರಾಗಿ ಕೂಗಿಬಿಟ್ಟೆ.

ಇಂಬಳ ಎಂಬ ಜಿಗಣೆಗಳಿಗೆಂದು ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿದ್ದೆ. ಸೈಕಲ್ ಓಡುತ್ತಿರುವಾಗ ಅವುಗಳ ಕಾಟವಿಲ್ಲ, ಫೋಟೋ ತೆಗೆಯಲು ನಿಂತಾಗಲೇ ಬರುತ್ತವೆ.

ಪುಷ್ಯ

ಬಿಡದೆ ಸುರಿಯುತ್ತಿದೆ. ಗೆಳೆಯರು ಮುಳ್ಳಯ್ಯನಗಿರಿಯ ಹುಲ್ಲುಗುಡ್ಡದಲ್ಲಿ ಇಳಿಯೋಣ ಎಂದು ಕರೆದರು. ನಾನು ಹೋಗಲಿಲ್ಲ, ಅವರನ್ನೂ ಹೋಗಬೇಡಿ ಎಂದು ಕೇಳಿಕೊಂಡೆ. 1930 ಮೀಟರ್ ಎತ್ತರದ ಆ ಶಿಖರದ ಸುತ್ತ ಮಣ್ಣಿನ ಮೇಲಿರುವುದು ಹುಲ್ಲಿನ ಹೊದಿಕೆ ಮಾತ್ರ. ನೆನೆದ ಹುಲ್ಲನ್ನು ಟೈರು ಒಮ್ಮೆ ಸೀಳಿದರೆ ಆ ಗೆರೆಯಲ್ಲೇ ನೀರು ಹರಿಯಲು ಶುರುವಾಗುತ್ತದೆ, ಗೆರೆ ಕೊರಕಲಾಗುತ್ತದೆ. ಕಲ್ಲು ಹಾಸಿದ ಎಸ್ಟೇಟ್ ದಾರಿಗಳು ಬೇಕಾದಷ್ಟಿವೆ. ಗುಡ್ಡವನ್ನು ಅದರ ಪಾಡಿಗೆ ಬಿಡೋಣ.

ಪ್ರತಿ ಸವಾರಿಯ ನಂತರ ಮೆದುವಾಗಿ ಹರಿಯುವ ಪೈಪಿನ ನೀರಿನಲ್ಲಿ ತೊಳೆಯುತ್ತೇನೆ. ವಾಹನ ತೊಳೆಯುವ ಒತ್ತಡದ ಪಂಪು ಬೇರಿಂಗುಗಳ ಒಳಕ್ಕೆ ನೀರು ನುಗ್ಗಿಸುತ್ತದೆ. ಸೀಟಿನ ಕಂಬ ಹೊರತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿದಾಗ ಫ್ರೇಮಿನೊಳಗಿಂದ ಅರ್ಧ ಲೋಟದಷ್ಟು ಕೆಂಪು ನೀರು ಬಂತು. ಚೈನ್ ಒರೆಸಿ, ಮಳೆಗೆಂದೇ ಮಾಡಿದ ಮಂದ ಎಣ್ಣೆ ಹಾಕುತ್ತೇನೆ. ಅಳತೆಪಟ್ಟಿ ಇಟ್ಟು ನೋಡಿದೆ: ಚೈನ್ ಸವೆತ ಶೇಕಡಾ 0.5ರ ಹತ್ತಿರ ಬಂದಿದೆ. 11 ಗೇರಿನ ಚೈನನ್ನು ಅಷ್ಟಕ್ಕೇ ಬದಲಿಸಿದರೆ ದುಬಾರಿ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗುಂಪು, ಉಳಿಯುತ್ತದೆ. ಹೊಸ ಚೈನ್ ತರಿಸಿದ್ದೇನೆ.

ಪೆಡಲ್ ಒತ್ತುವಾಗ ಕೆಳಗಿನಿಂದ ಕಟಕಟ ಸದ್ದು ಶುರುವಾಗಿದೆ. ಪೆಡಲಿನ ಅಚ್ಚು ತಿರುಗುವ ಬೇರಿಂಗು, ಬಾಟಮ್ ಬ್ರಾಕೆಟ್, ಇರಬೇಕು. ಆಶ್ಲೇಷಾ ಹುಟ್ಟುವ ಹೊತ್ತಿಗೆ ಅದನ್ನು ಬಿಚ್ಚಿ ಗ್ರೀಸ್ ಹಾಕಿ ನೋಡುತ್ತೇನೆ. ಹಿಂದಿನ ಪ್ಯಾಡು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.